ಓಟ ನಿಲ್ಲಿಸಿದ ಮೇಲೆ ಕಣ್ಣು ಕತ್ತಲೆ ಬರುವುದು ಯಾಕೆ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ವಯಸ್ಸು 34, ಜಿಮ್‌ಗೆ ಸೇರಿ ಎರಡು ತಿಂಗಳು. ಟ್ರೆಡ್‌ಮಿಲ್ ಮೇಲೆ ಓಡುವಷ್ಟು ಹೊತ್ತು ಏನೂ ಆಗುವುದಿಲ್ಲ. ಇಳಿದು ನಿಂತು ಒಂದು ನಿಮಿಷ ಆಗುವಷ್ಟರಲ್ಲಿ ತಲೆ ಹಗುರಾಗಿ ಕಣ್ಣು ಕತ್ತಲೆ ಬರುತ್ತದೆ. ಮೊನ್ನೆಯಂತೂ ಗೋಡೆ ಹಿಡಿದುಕೊಂಡು ನಿಲ್ಲಬೇಕಾಯಿತು. ಟ್ರೈನರ್ ‘ಶುಗರ್ ಇಳಿದಿದೆ’ ಅಂತ ಕೂರಿಸಿ ಚಾಕೊಲೇಟ್ ಕೊಟ್ಟರು, ಎರಡು ನಿಮಿಷದಲ್ಲಿ ಸರಿಹೋಯಿತು. ಹೃದಯದ ತೊಂದರೆ ಇರಬಹುದಾ, ಜಿಮ್ ಬಿಡಬೇಕಾ ಅಂತ ಕೇಳಿದ್ದೀರಿ.

ನಾನು ಡಾಕ್ಟರ್ ಅಲ್ಲ. ಹದಿನೈದು ವರ್ಷದಿಂದ ಓಡುತ್ತಿದ್ದೇನೆ, ಅಷ್ಟೇ. ಇದೇ ವಿಷಯಕ್ಕೆ ಗದ್ದಕ್ಕೆ ನಾಲ್ಕು ಹೊಲಿಗೆ ಹಾಕಿಸಿಕೊಂಡ ಅನುಭವವೂ ಇದೆ.

ಆ ದಿನ ಕೊನೆಯ ಸುತ್ತನ್ನು ಇದ್ದಬದ್ದ ಶಕ್ತಿಯೆಲ್ಲ ಹಾಕಿ ಓಡಿದೆ. ಎಷ್ಟು ಸಮಯ ಆಯಿತು ನೋಡೋಣ ಅಂತ ಗಕ್ಕನೆ ನಿಂತೆ. ಮನೆಗೆ ಬಂದವನೇ ಸೀದಾ ಬಚ್ಚಲಿಗೆ ಹೋಗಿ ಬಿಸಿನೀರಿನ ಶವರ್ ಕೆಳಗೆ ನಿಂತೆ. ಕಿವಿಯಲ್ಲಿ ಗುಂಯ್ ಅಂತ ಸದ್ದು ಶುರುವಾಯಿತು. ಬಿಳಿ ಗೋಡೆ ಬೂದಿ ಬಣ್ಣಕ್ಕೆ ತಿರುಗಿತು. ಆಮೇಲೆ ನೆನಪಿರುವುದು ನೆಲದ ಮೇಲೆ ಬಿದ್ದಿದ್ದೇನೆ, ಮುಖದ ಮೇಲೆ ನೀರು ಸುರಿಯುತ್ತಿದೆ ಅನ್ನುವುದು ಮಾತ್ರ. ಹೊಲಿಗೆ ಹಾಕುತ್ತಾ ಡಾಕ್ಟರ್ ಮೊದಲು ಕೇಳಿದ್ದು ಒಂದೇ ಪ್ರಶ್ನೆ: ‘ಓಡ್ತಾ ಇರುವಾಗ ಬಿದ್ರಾ, ನಿಲ್ಲಿಸಿದ ಮೇಲೆ ಬಿದ್ರಾ?’

ಆಗ ನನಗೆ ಅದು ಸುಮ್ನೆ ಮಾತಿಗೆ ಕೇಳಿದ ಹಾಗಿತ್ತು. ಆದರೆ ಇಡೀ ವಿಷಯ ನಿಂತಿರುವುದೇ ಆ ಪ್ರಶ್ನೆಯ ಮೇಲೆ. ನೀವು ಅದಕ್ಕೆ ಆಗಲೇ ಉತ್ತರ ಬರೆದುಬಿಟ್ಟಿದ್ದೀರಿ: ಓಡುವಾಗ ಏನೂ ಇಲ್ಲ, ನಿಂತ ಮೇಲೆ ಬರುತ್ತದೆ. ಇದು ಎರಡರಲ್ಲಿ ಕಡಿಮೆ ಭಯದ ಉತ್ತರ.

ಯಾಕೆ ಅಂತ ಹೇಳುತ್ತೇನೆ. ಸುಮ್ಮನೆ ಕೂತಿದ್ದಾಗ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಪಂಪ್ ಮಾಡುತ್ತದೆ. ಅದರಲ್ಲಿ ಸ್ನಾಯುಗಳಿಗೆ ಹೋಗುವುದು ಐದರಲ್ಲಿ ಒಂದು ಪಾಲು. ಜೋರಾಗಿ ಓಡುವಾಗ ಅದೇ ಹೃದಯ 20 ಲೀಟರ್‌ವರೆಗೂ ಪಂಪ್ ಮಾಡಬಹುದು, ಅದರಲ್ಲಿ ಹೆಚ್ಚುಕಡಿಮೆ ಐದರಲ್ಲಿ ನಾಲ್ಕು ಪಾಲು ಸ್ನಾಯುಗಳಿಗೇ. ಅಷ್ಟು ರಕ್ತ ಹರಿಯಬೇಕಾದರೆ ಕಾಲಿನ ರಕ್ತನಾಳಗಳು ಅಗಲವಾಗಿ ತೆರೆದುಕೊಳ್ಳಬೇಕು, ತೆರೆದುಕೊಳ್ಳುತ್ತವೆ. ಹೋದ ರಕ್ತ ಮೇಲೆ ಬರಬೇಕಲ್ಲ? ಕಾಲಿನಿಂದ ಎದೆಗೆ ಏರುದಾರಿ ಅದು. ಪ್ರತಿ ಹೆಜ್ಜೆಗೂ ಮೀನಖಂಡದ ಸ್ನಾಯು ಬಿಗಿಯಾಗಿ ರಕ್ತನಾಳವನ್ನು ಹಿಂಡುತ್ತದೆ, ರಕ್ತ ಮೇಲಕ್ಕೆ ಚಿಮ್ಮುತ್ತದೆ. ನಾಳದೊಳಗೆ ಸಣ್ಣ ಕವಾಟಗಳಿರುವುದರಿಂದ ಮತ್ತೆ ಕೆಳಗಿಳಿಯುವುದಿಲ್ಲ. ಅಂದರೆ ಓಡುವಾಗ ನಿಮ್ಮ ಮೈಯಲ್ಲಿ ಎದೆಯಲ್ಲೊಂದು ಪಂಪ್, ಕಾಲಲ್ಲೊಂದು ಪಂಪ್.

ಟ್ರೆಡ್‌ಮಿಲ್‌ನ ಕೆಂಪು ಬಟನ್ ಒತ್ತಿ ಇಳಿದು ನಿಂತಿರಿ ಅಂದುಕೊಳ್ಳಿ. ಕಾಲಿನ ಪಂಪ್ ಆ ಕ್ಷಣಕ್ಕೇ ಬಂದ್. ಆದರೆ ರಕ್ತನಾಳಗಳು ಅಷ್ಟು ಬೇಗ ಮುಚ್ಚಿಕೊಳ್ಳುವುದಿಲ್ಲ, ಅವು ಇನ್ನೂ ಅಗಲವಾಗಿಯೇ ಇರುತ್ತವೆ. ರಕ್ತ ಕಾಲಲ್ಲೇ ತಂಗುತ್ತದೆ. ಹೃದಯಕ್ಕೆ ವಾಪಸ್ ಬರುವುದು ಕಡಿಮೆಯಾಗುತ್ತದೆ, ಬಿಪಿ ಇಳಿಯುತ್ತದೆ. ಎಲ್ಲಕ್ಕಿಂತ ಎತ್ತರದಲ್ಲಿರುವುದು ತಲೆ, ಮೊದಲ ಪೆಟ್ಟು ಅದಕ್ಕೇ. ಮಿದುಳಿಗೆ ರಕ್ತ ಪೂರ್ತಿ ನಿಂತರೆ 6ರಿಂದ 10 ಸೆಕೆಂಡಿನೊಳಗೆ ಎಚ್ಚರ ತಪ್ಪುತ್ತದೆ. ನಿಮಗೆ ಪೂರ್ತಿ ನಿಂತಿಲ್ಲ, ಕಡಿಮೆಯಾಗಿದೆ. ಅದಕ್ಕೇ ಕಣ್ಣು ಕತ್ತಲೆ, ಕಿವಿಯಲ್ಲಿ ಸದ್ದು, ತಣ್ಣನೆ ಬೆವರು. ನಾನು ಇದರ ಮೇಲೆ ಬಿಸಿನೀರನ್ನೂ ಸುರಿದುಕೊಂಡೆ. ಬಿಸಿಗೆ ಚರ್ಮದ ರಕ್ತನಾಳಗಳೂ ತೆರೆದುಕೊಂಡವು. ಬೀಳದೆ ಇನ್ನೇನು ಆಗುತ್ತದೆ!

ಈಗ ಚಾಕೊಲೇಟ್ ವಿಷಯ. ನಿಮ್ಮ ಟ್ರೈನರ್ ಬಗ್ಗೆ ಬೇಜಾರಿಲ್ಲ, ಒಳ್ಳೆಯ ಮನಸ್ಸಿಂದಲೇ ಕೊಟ್ಟಿದ್ದಾರೆ. ಆದರೆ ಸರಿಮಾಡಿದ್ದು ಚಾಕೊಲೇಟ್ ಅಲ್ಲ, ಕೂರಿಸಿದ್ದು. ತಿಂದ ಸಿಹಿ ರಕ್ತಕ್ಕೆ ಸೇರಿ ಕೆಲಸ ಮಾಡಲು ಹತ್ತು ಹದಿನೈದು ನಿಮಿಷವಾದರೂ ಬೇಕು. ನಿಮಗೆ ಎರಡು ನಿಮಿಷದಲ್ಲಿ ಸರಿಹೋಯಿತು ಅಂತ ನೀವೇ ಬರೆದಿದ್ದೀರಿ. ಸಕ್ಕರೆ ಕಾಯಿಲೆ ಇಲ್ಲದ, ಆರೋಗ್ಯವಾಗಿರುವವರಿಗೆ ಅರ್ಧ ಗಂಟೆ ಓಡಿದ್ದಕ್ಕೇ ತಲೆ ತಿರುಗುವಷ್ಟು ಶುಗರ್ ಇಳಿಯುವುದು ಅಪರೂಪ. ಲಿವರ್ ಅದನ್ನು ನೋಡಿಕೊಳ್ಳುತ್ತದೆ. ಹಾಗಂತ ಖಾಲಿ ಹೊಟ್ಟೆಯಲ್ಲಿ ಗಂಟೆಗಟ್ಟಲೆ ಬೆವರು ಸುರಿಸಿ ಅಂತಲೂ ಅಲ್ಲ. ಇನ್ಸುಲಿನ್ ಅಥವಾ ಕೆಲವು ಶುಗರ್ ಮಾತ್ರೆ ತೆಗೆದುಕೊಳ್ಳುವವರ ಕಥೆ ಮಾತ್ರ ಬೇರೆ. ಅವರು ಮೀಟರ್ ಹಾಕಿ ನೋಡಲೇಬೇಕು. 70ಕ್ಕಿಂತ ಕೆಳಗಿದ್ದರೆ ಬೇಗ ರಕ್ತಕ್ಕೆ ಸೇರುವ ಸಿಹಿ 15 ಗ್ರಾಂ ತೆಗೆದುಕೊಂಡು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಅವರಿಗೂ ಚಾಕೊಲೇಟ್ ಅಷ್ಟು ಒಳ್ಳೆಯದಲ್ಲ, ಅದರಲ್ಲಿರುವ ಕೊಬ್ಬು ಸಕ್ಕರೆಯನ್ನು ನಿಧಾನ ಮಾಡುತ್ತದೆ. ಗ್ಲೂಕೋಸ್ ಅಥವಾ ಹಣ್ಣಿನ ರಸ ವಾಸಿ.

ಹಾಗಾದರೆ ನೀವು ಮಾಡಬೇಕಾದದ್ದು ಏನು? ನಿಲ್ಲಿಸುವ ರೀತಿಯನ್ನು ಬದಲಿಸಿ. ಓಟ ಮುಗಿದ ಮೇಲೆ ಬೆಲ್ಟ್ ನಿಲ್ಲಿಸಬೇಡಿ, ವೇಗ ಇಳಿಸಿ. ಮೊದಲು ನಿಧಾನದ ಓಟ, ಆಮೇಲೆ ನಡಿಗೆ, ಆಮೇಲೆ ಇನ್ನೂ ನಿಧಾನದ ನಡಿಗೆ. 5ರಿಂದ 10 ನಿಮಿಷ. ಮಾತಾಡುವಾಗ ಏದುಸಿರು ಬರಬಾರದು, ಅಲ್ಲಿಯವರೆಗೂ ನಡೆಯಿರಿ. ಇಳಿದ ಮೇಲೂ ಕಂಬದ ಹಾಗೆ ನಿಂತು ಫೋನ್ ನೋಡಬೇಡಿ, ಅಲ್ಲೇ ಓಡಾಡಿ. ಕೂಲ್ ಡೌನ್ ಅನ್ನುವುದನ್ನು ನಾನು ಬಹಳ ವರ್ಷ ಸಮಯ ದಂಡ ಅಂದುಕೊಂಡಿದ್ದೆ. ಮಾರನೇ ದಿನದ ಮೈಕೈ ನೋವನ್ನು ಅದು ಹೆಚ್ಚೇನೂ ತಡೆಯುವುದಿಲ್ಲ, ಆ ಮಟ್ಟಿಗೆ ನಾನು ಅಂದುಕೊಂಡದ್ದು ಸರಿಯೇ. ಆದರೆ ಅದರ ನಿಜವಾದ ಕೆಲಸ ಇದು, ಕಾಲಲ್ಲಿರುವ ರಕ್ತವನ್ನು ಮೇಲಕ್ಕೆ ತಲುಪಿಸುವುದು.

ವ್ಯಾಯಾಮ ಮುಗಿದು ಒಂದೆರಡು ಗಂಟೆ ಬಿಪಿ ಮಾಮೂಲಿಗಿಂತ ಸ್ವಲ್ಪ ಕೆಳಗೇ ಇರುತ್ತದೆ. ಹಾಗಾಗಿ ತಕ್ಷಣ ಬಿಸಿನೀರಿನ ಸ್ನಾನ ಬೇಡ. ಕಾಲು ಗಂಟೆ ತಡೆದು, ಉಗುರುಬೆಚ್ಚಗಿನ ನೀರಲ್ಲಿ ಮಾಡಿ. ನಾನಂತೂ ಈಗ ಸ್ಟೂಲ್ ಹಾಕಿಕೊಂಡು ಕೂತೇ ಸ್ನಾನ ಮಾಡುತ್ತೇನೆ, ಮನೆಯವರು ನಗುತ್ತಾರೆ.

ನೀರಿನ ವಿಷಯವೂ ಇದೆ. ಬೆವರಿನಲ್ಲಿ ನೀರು ಹೋದರೆ ರಕ್ತದ ಪ್ರಮಾಣವೇ ಇಳಿಯುತ್ತದೆ, ಮೇಲೆ ಹೇಳಿದ್ದೆಲ್ಲ ಇನ್ನಷ್ಟು ಸುಲಭವಾಗಿ ಆಗುತ್ತದೆ. ಓಡುವ ಮೊದಲು ಮತ್ತು ಓಡಿದ ಮೇಲೆ ತೂಕ ನೋಡಿಕೊಳ್ಳಿ. ಒಂದು ಕಿಲೋ ಕಡಿಮೆ ಬಂದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹೋಗಿದೆ ಅಂತ ಅರ್ಥ. ಅದು ಕೊಬ್ಬು ಕರಗಿದ್ದಲ್ಲ, ಖುಷಿಪಡಬೇಡಿ! ಹಾಗೆಂದು ಹೆದರಿ ಹೊಟ್ಟೆ ಉಬ್ಬುವಷ್ಟು ನೀರು ಕುಡಿಯುವುದೂ ತಪ್ಪು. ಹಲವು ಗಂಟೆ ಓಡುವವರು ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ಇಳಿದು ಜೀವಕ್ಕೇ ಅಪಾಯ ಆಗಬಹುದು.

ತೂಕ ಎತ್ತುವಾಗ ತಲೆ ಹಗುರಾಗುವುದಕ್ಕೆ ಕಾರಣ ಸ್ವಲ್ಪ ಬೇರೆ. ಉಸಿರು ಬಿಗಿಹಿಡಿದು ಮುಕ್ಕಿದಾಗ ಎದೆಯೊಳಗೆ ಒತ್ತಡ ಹೆಚ್ಚಿ, ರಕ್ತ ಹೃದಯಕ್ಕೆ ಬರುವುದು ತಡೆಯುತ್ತದೆ. ಉಸಿರು ಬಿಟ್ಟ ಕೂಡಲೇ ಬಿಪಿ ದಿಢೀರನೆ ಇಳಿಯಬಹುದು. ಎತ್ತುವಾಗ ಉಸಿರು ಬಿಡಿ, ಇಳಿಸುವಾಗ ಎಳೆದುಕೊಳ್ಳಿ. ನೆಲದ ಮೇಲೆ ಮಲಗಿ ಮಾಡುವ ವ್ಯಾಯಾಮ ಮುಗಿದ ಮೇಲೆ ಛಕ್ಕನೆ ಏಳಬೇಡಿ, ಒಂದು ನಿಮಿಷ ಕೂತು ಏಳಿ.

ನೀವು ಬರೆಯದೇ ಇರುವ ಒಂದು ವಿಷಯ: ಮಾತ್ರೆ ಏನಾದರೂ ತೆಗೆದುಕೊಳ್ಳುತ್ತೀರಾ? ಬಿಪಿ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ಪ್ರಾಸ್ಟೇಟ್‌ಗೆ ಕೊಡುವ ಕೆಲವು ಮಾತ್ರೆಗಳು, ಇವೆಲ್ಲ ನಿಂತಾಗ ಬಿಪಿಯನ್ನು ಇನ್ನಷ್ಟು ಇಳಿಸಬಹುದು. ಹೌದಾದರೆ ನೀವಾಗೇ ಮಾತ್ರೆ ನಿಲ್ಲಿಸಬೇಡಿ, ಕೊಟ್ಟವರಿಗೆ ಹೇಳಿ. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುವವರು ಹಿಮೋಗ್ಲೋಬಿನ್ ನೋಡಿಸಿಕೊಳ್ಳುವುದು ಒಳ್ಳೆಯದು. ಜ್ವರ ಇರುವಾಗ, ಬಿಟ್ಟ ಮಾರನೇ ದಿನ ಜೋರಾದ ವ್ಯಾಯಾಮ ಬೇಡವೇ ಬೇಡ. ಕೆಲವು ವೈರಸ್‌ಗಳು ಹೃದಯದ ಸ್ನಾಯುವನ್ನೂ ಮುಟ್ಟುತ್ತವೆ.

ಇನ್ನೊಂದು ಗೊಂದಲ ನಮ್ಮ ಭಾಷೆಯದೇ. ಕಣ್ಣು ಕತ್ತಲೆ ಬರುವುದನ್ನೂ ‘ತಲೆಸುತ್ತು’ ಅನ್ನುತ್ತೇವೆ, ಕೋಣೆಯೇ ಗಿರಗಿರ ತಿರುಗುವುದನ್ನೂ ‘ತಲೆಸುತ್ತು’ ಅನ್ನುತ್ತೇವೆ. ಎರಡನೆಯದು ಹೆಚ್ಚಾಗಿ ಒಳಕಿವಿಯ ತೊಂದರೆ, ದಾರಿಯೇ ಬೇರೆ. ಡಾಕ್ಟರ್ ಹತ್ತಿರ ಹೋದಾಗ ಬರೀ ತಲೆಸುತ್ತು ಅನ್ನಬೇಡಿ, ಯಾವ ಥರ ಅಂತ ಬಿಡಿಸಿ ಹೇಳಿ.

ಈಗ ಹೆದರಬೇಕಾದ ಕಡೆಗೆ ಬರೋಣ. ಓಡುತ್ತಾ ಇರುವಾಗಲೇ, ಮೈ ಪೂರ್ತಿ ದುಡಿಯುತ್ತಿರುವಾಗಲೇ ಎಚ್ಚರ ತಪ್ಪಿದರೆ ಅದು ಬೇರೆಯೇ ಮಾತು. ಆಗ ಕಾಲಿನ ಪಂಪ್ ನಡೆಯುತ್ತಲೇ ಇದೆ, ಆದರೂ ಮಿದುಳಿಗೆ ರಕ್ತ ಸಾಲುತ್ತಿಲ್ಲ. ಅಂದರೆ ಅನುಮಾನ ನೇರ ಹೃದಯದ ಮೇಲೆ. ಹೃದಯದ ಸ್ನಾಯು ದಪ್ಪಗಾಗಿರಬಹುದು, ಕವಾಟ ಕಿರಿದಾಗಿರಬಹುದು, ಬಡಿತದ ಲಯ ತಪ್ಪುತ್ತಿರಬಹುದು. ಇವುಗಳಲ್ಲಿ ಕೆಲವು ಮನೆತನದಲ್ಲಿ ಬರುತ್ತವೆ, 20ರ ವಯಸ್ಸಿನವರಲ್ಲೂ ಇರುತ್ತವೆ, ಹೊರಗೆ ಏನೂ ಕಾಣಿಸುವುದಿಲ್ಲ. ಎದೆನೋವು, ಎದೆ ಒಮ್ಮೆಲೇ ಅಡ್ಡಾದಿಡ್ಡಿ ಬಡಿದುಕೊಳ್ಳುವುದು, ಯಾವ ಮುನ್ಸೂಚನೆಯೂ ಇಲ್ಲದೆ ದೊಪ್ಪನೆ ಬೀಳುವುದು, ಕೂತಿದ್ದಾಗ ಅಥವಾ ಮಲಗಿದ್ದಾಗಲೇ ಎಚ್ಚರ ತಪ್ಪುವುದು, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೇ ಹಠಾತ್ತಾಗಿ ತೀರಿಕೊಂಡಿರುವುದು: ಇದರಲ್ಲಿ ಒಂದಿದ್ದರೂ ವ್ಯಾಯಾಮ ಅಲ್ಲಿಗೇ ನಿಲ್ಲಿಸಿ, ಹೃದಯದ ಡಾಕ್ಟರನ್ನು ನೋಡುವವರೆಗೂ ಮತ್ತೆ ಶುರು ಮಾಡಬೇಡಿ. ನನ್ನ ಉತ್ತರದಲ್ಲಿ ಬೇರೆಲ್ಲ ಮರೆತರೂ ಇದೊಂದನ್ನು ಮರೆಯಬೇಡಿ.

ನಿಮ್ಮ ವಿವರದಲ್ಲಿ ಇದ್ಯಾವುದೂ ಇಲ್ಲ. ಆದರೂ ಎರಡು ತಿಂಗಳಿಂದ ಆಗುತ್ತಿದೆ ಅಂದ ಮೇಲೆ ಒಂದು ಸಲ ತೋರಿಸಿಕೊಂಡು ಬನ್ನಿ. ನನಗೆ ಮಾಡಿದ್ದು ಇಷ್ಟೇ: ಇಸಿಜಿ, ಹಿಮೋಗ್ಲೋಬಿನ್, ಮತ್ತೆ ಮಲಗಿಸಿ ಒಂದು ಸಲ ಬಿಪಿ, ಎದ್ದು ನಿಂತ ಮೇಲೆ ಮೂರು ನಿಮಿಷದೊಳಗೆ ಮತ್ತೊಂದು ಸಲ. ಮನೆಯಲ್ಲಿ ಬಿಪಿ ಮಷೀನ್ ಇದ್ದರೆ ಈ ಕೊನೆಯದನ್ನು ನೀವೇ ಮಾಡಬಹುದು. ಐದು ನಿಮಿಷ ಮಲಗಿ ನೋಡಿ, ಎದ್ದು ನಿಂತು ಒಂದು ನಿಮಿಷಕ್ಕೆ ಮತ್ತು ಮೂರು ನಿಮಿಷಕ್ಕೆ ನೋಡಿ. ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದರೆ, ಇಲ್ಲವೇ ಕೆಳಗಿನದು 10 ಇಳಿದರೆ, ಬರೆದಿಟ್ಟುಕೊಂಡು ಡಾಕ್ಟರಿಗೆ ತೋರಿಸಿ.

ಮತ್ತೆ ಕಣ್ಣು ಕತ್ತಲೆ ಬಂದರೆ ಗೋಡೆ ಹಿಡಿದು ನಿಲ್ಲಬೇಡಿ. ಮೊನ್ನೆ ನೀವು ಮಾಡಿದ್ದರಲ್ಲಿ ತಪ್ಪು ಅದೊಂದೇ. ನಿಂತಷ್ಟೂ ರಕ್ತ ಕೆಳಗೇ. ನಾಚಿಕೆ ಬಿಟ್ಟು ಅಲ್ಲೇ ನೆಲದ ಮೇಲೆ ಮಲಗಿ, ಕಾಲನ್ನು ಬೆಂಚಿನ ಮೇಲೆ ಇಡಿ. ಮಲಗಲು ಜಾಗ ಇಲ್ಲದಿದ್ದರೆ ಕೂತು ತಲೆಯನ್ನು ಮಂಡಿಗಳ ನಡುವೆ ಬಗ್ಗಿಸಿ. ಅದೂ ಆಗದಿದ್ದರೆ ಕಾಲು ಕತ್ತರಿ ಹಾಕಿ ತೊಡೆ, ಪೃಷ್ಠ, ಹೊಟ್ಟೆ ಎಲ್ಲ ಬಿಗಿಹಿಡಿಯಿರಿ, ಕೂರಲು ಸಿಗುವ ತನಕ ಅದು ಸ್ವಲ್ಪ ಸಮಯ ಕೊಡುತ್ತದೆ. ಬೇರೆಯವರು ಬಿದ್ದರೂ ಎತ್ತಿ ಕೂರಿಸಲು, ಬಾಯಿಗೆ ನೀರು ಹಾಕಲು ಹೋಗಬೇಡಿ. ಉಸಿರಾಟ ಸರಿಯಾಗಿದ್ದರೆ ಮಲಗಿಸಿ ಕಾಲು ಎತ್ತಿ. ಒಂದು ನಿಮಿಷದಲ್ಲಿ ಎಚ್ಚರ ಬರದಿದ್ದರೆ ಆಂಬುಲೆನ್ಸ್. ಉಸಿರೇ ಇಲ್ಲದಿದ್ದರೆ ಕಾಯಬೇಡಿ, ಕೂಡಲೇ ಎದೆ ಒತ್ತಲು ಶುರು ಮಾಡಿ, ಇನ್ನೊಬ್ಬರು ಫೋನ್ ಮಾಡಲಿ. ಬಿಸಿಲಲ್ಲಿ ಓಡಿ ಬಿದ್ದವರು ಅಸಂಬದ್ಧ ಮಾತಾಡುತ್ತಿದ್ದರೆ ಅದು ಬಿಸಿಲ ಹೊಡೆತ, ಆಂಬುಲೆನ್ಸ್ ಬರುವ ಮೊದಲೇ ತಣ್ಣೀರು ಸುರಿದು ಮೈ ತಂಪು ಮಾಡಬೇಕು.

ಜಿಮ್ ಬಿಡುವ ಅಗತ್ಯ ನನಗೆ ಕಾಣುತ್ತಿಲ್ಲ. ತೋರಿಸಿಕೊಂಡು ಬರುವವರೆಗೂ ಕೊನೆಯ ಜೋರು ಓಟ ಬೇಡ, ಅಷ್ಟೇ. ಎರಡು ವಾರ ನಿಧಾನವಾಗಿ ನಿಲ್ಲಿಸಿ ನೋಡಿ. ಆಗಲೂ ಬರುತ್ತಿದ್ದರೆ ಯಾವಾಗ, ಎಷ್ಟು ಹೊತ್ತು, ಬಿಪಿ ಎಷ್ಟಿತ್ತು ಅಂತ ಬರೆದು ಹಾಕಿ, ಮುಂದೆ ಮಾತಾಡೋಣ.