ಓದುಗರ ಪ್ರಶ್ನೆ: ಹವಾಯಿಯ ನೌಕಾಧಿಕಾರಿಗೆ ಹಡಗು ಎಲ್ಲಿಂದ ತರೋಣ?

ಪ್ರಶ್ನೆ: ಮೇಡಂ, ನಾವು ಐದು ಜನ ಗೆಳೆಯರು ಭಾನುವಾರ ಕೂತು ರೋಲ್‌ಪ್ಲೇಯಿಂಗ್ ಆಟ ಆಡ್ತೀವಿ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಉರುಳಿಸಿ ಕಥೆ ಮುಂದುವರಿಸೋ ಆಟ. ಈಗಿನ ಕಥೆ 1889ರಲ್ಲಿ ನಡೆಯುತ್ತೆ. ವಿಕ್ಟೋರಿಯಾ ರಾಣಿಯ ಕಾಲವೇ, ಆದರೆ ಇತಿಹಾಸ ಬೇರೆ ದಾರಿ ಹಿಡಿದಿದೆ, ಉಗಿಹಡಗುಗಳು ಆಕಾಶದಲ್ಲೂ ಓಡಾಡುತ್ತವೆ. ಎಲ್ಲರೂ ಇಂಗ್ಲಿಷ್ ಸೈನಿಕ, ಜರ್ಮನ್ ವಿಜ್ಞಾನಿ ಅಂತ ಪಾತ್ರ ಮಾಡಿಕೊಂಡರು. ನಾನು ಹವಾಯಿ ನೌಕಾಪಡೆಯ ‘ಕ್ಯಾಪ್ಟನ್ ಕಹುನಾ’. ಬರಿಮೈ, ಗರಿಯ ಮೇಲುವಸ್ತ್ರ, ಕೈಯಲ್ಲಿ ಈಟಿ. ಕಥೆ ನಡೆಸೋ ನಮ್ಮ ಗೇಮ್ ಮಾಸ್ಟರ್ ‘ಹವಾಯಿಗೆ ನೌಕಾಪಡೆಯೇ ಇರಲಿಲ್ಲ, ಪಾತ್ರ ಬದಲಾಯಿಸು’ ಅಂತಾನೆ. ಇತ್ತಾ, ಇರಲಿಲ್ಲವಾ?
– ಓದುಗ, ದಾವಣಗೆರೆ

ಉತ್ತರ: ಇತ್ತು. ಒಂದೇ ಹಡಗಿನದು, ಕೆಲವೇ ತಿಂಗಳ ಬಾಳಿನದು, ಆದರೆ ಇತ್ತು. ಪಾತ್ರ ಬಿಡಬೇಡಿ. ಈಟಿ, ಗರಿ, ಹೆಸರು ಈ ಮೂರನ್ನು ಮಾತ್ರ ಬಿಡಿ. ಯಾಕೆ ಅಂತ ಹೇಳ್ತೀನಿ.

ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವಳು ನಾನು. ನಿವೃತ್ತಿಯಾದ ಮೇಲೆ ತಂಗಿಯ ಮಕ್ಕಳ ಜೊತೆ ಊಟದ ಮೇಜಿನ ಮೇಲೆ ದಾಳ ಉರುಳಿಸೋದು ಕಲಿತೆ. ಹವಾಯಿಯ ಈ ಹಡಗಿನ ಕಥೆ ನನ್ನ ಕೈಗೆ ಸಿಕ್ಕಿದ್ದೂ ಆಗಲೇ. ಅವತ್ತಿನಿಂದ ಬಿಟ್ಟಿಲ್ಲ.

ಹಡಗಿನ ಹೆಸರು ‘ಕಾಇಮಿಲೊಆ’. ‘ಕಾ’, ‘ಇಮಿ’, ‘ಲೊಆ’ ಅಂತ ಬಿಡಿಸಿ ಓದಿ. ದೂರವನ್ನು ಅರಸುವವನು ಅಂತ ಅರ್ಥ. 1871ರಲ್ಲಿ ಇಂಗ್ಲೆಂಡಿನಲ್ಲಿ ಕಟ್ಟಿದ ಸರಕಿನ ಹಡಗು, ಒಣಕೊಬ್ಬರಿ ಸಾಗಿಸುತ್ತಿದ್ದದ್ದು. ಹಾಯಿಯೂ ಇತ್ತು, ಉಗಿ ಎಂಜಿನ್ನೂ ಇತ್ತು. ತೂಕ ಹೆಚ್ಚುಕಡಿಮೆ 170 ಟನ್. ಆಗ ಸ್ವತಂತ್ರ ರಾಜ್ಯವಾಗಿದ್ದ ಹವಾಯಿಯ ರಾಜ ಕಲಾಕೌವ ಇದನ್ನು 1887ರಲ್ಲಿ 20,000 ಡಾಲರ್ ಕೊಟ್ಟು ಕೊಂಡ, ಸಣ್ಣ ಫಿರಂಗಿಗಳನ್ನೂ ಹಿಡಿಕೆ ತಿರುಗಿಸಿದರೆ ಒಂದೇ ಸಮನೆ ಗುಂಡು ಹಾರಿಸುವ ಗ್ಯಾಟ್ಲಿಂಗ್ ಬಂದೂಕುಗಳನ್ನೂ ಕೂರಿಸಿದ, ರಾಜ್ಯದ ಯುದ್ಧನೌಕೆ ಅಂತ ಸಾರಿದ.

ಯಾಕೆ ಬೇಕಿತ್ತು ಅವನಿಗೆ ಯುದ್ಧನೌಕೆ? ಪೆಸಿಫಿಕ್ ಸಾಗರದ ದ್ವೀಪಗಳನ್ನೆಲ್ಲ ಜರ್ಮನಿ, ಬ್ರಿಟನ್, ಫ್ರಾನ್ಸ್, ಅಮೆರಿಕ ಒಂದೊಂದಾಗಿ ನುಂಗುತ್ತಿದ್ದ ಕಾಲ. ಉಳಿದ ದ್ವೀಪಗಳು ಒಟ್ಟಾಗಿ ಒಂದು ಒಕ್ಕೂಟ ಕಟ್ಟಿಕೊಂಡರೆ ಬದುಕಬಹುದು ಅನ್ನೋದು ಕಲಾಕೌವನ ಲೆಕ್ಕ. ಇದು ದಿಢೀರನೆ ಹುಟ್ಟಿದ ಯೋಚನೆಯಲ್ಲ. 1881ರಲ್ಲಿ ಅವನು ಭೂಮಿಯನ್ನೇ ಒಂದು ಸುತ್ತು ಹಾಕಿ ಬಂದಿದ್ದ. ಹಾಗೆ ಸುತ್ತಿದ ಮೊದಲ ದೊರೆ ಅವನೇ. ಜಪಾನಿನ ಮೈಜಿ ಚಕ್ರವರ್ತಿಯ ಮುಂದೆ ಏಷ್ಯಾದ ದೇಶಗಳೆಲ್ಲ ಒಂದಾಗೋಣ ಅಂತ ಪ್ರಸ್ತಾಪ ಇಟ್ಟ, ತನ್ನ ತಂಗಿಯ ಮಗಳು ಕಾಇಯುಲಾನಿಗೆ ಅಲ್ಲಿನ ರಾಜಕುಮಾರನನ್ನು ಕೇಳಿದ. ಎರಡೂ ಕೈಗೂಡಲಿಲ್ಲ. ಅದೇ ಪ್ರವಾಸದಲ್ಲಿ ಕಲ್ಕತ್ತೆಗೆ ಬಂದಿಳಿದು ರೈಲಿನಲ್ಲಿ ಮುಂಬಯಿಗೂ ಹೋದ. ನಿಮ್ಮ ಆಟ ಎಂದಾದರೂ ಭಾರತಕ್ಕೆ ಬಂದರೆ ಈ ಎಳೆ ಹಿಡಿಯಿರಿ.

1887ರ ಮೇ ತಿಂಗಳಲ್ಲಿ ಕಾಇಮಿಲೊಆ ರಾಜಧಾನಿ ಹೊನೊಲುಲು ಬಿಟ್ಟು ದಕ್ಷಿಣ ಪೆಸಿಫಿಕ್ಕಿನ ಸಮೋಆ ದ್ವೀಪಗಳ ಕಡೆಗೆ ಹೊರಟಿತು. ಅಲ್ಲಿನ ದೊರೆ ಮಲಿಏಟೋಆ ಲೌಪೆಪ ಒಕ್ಕೂಟದ ಒಪ್ಪಂದಕ್ಕೆ ಆಗಲೇ ಸಹಿ ಹಾಕಿದ್ದ. ಈಗ ಹಡಗಿನಲ್ಲಿ ಯಾರಿದ್ದರು ನೋಡಿ. ಕ್ಯಾಪ್ಟನ್ ಒಬ್ಬ ಇಂಗ್ಲಿಷಿನವನು, ಜಾರ್ಜ್ ಜಾಕ್ಸನ್. ಹಿಂದೆ ಬ್ರಿಟಿಷ್ ನೌಕಾಪಡೆಯಲ್ಲಿದ್ದವನು, ಆಮೇಲೆ ಹೊನೊಲುಲುವಿನ ಬಾಲಾಪರಾಧಿಗಳ ಶಾಲೆ ನೋಡಿಕೊಳ್ಳುತ್ತಿದ್ದವನು. ನಾವಿಕರಲ್ಲಿ ಹಲವರು ಅದೇ ಶಾಲೆಯ ಹುಡುಗರು. ಸಮುದ್ರದ ತರಬೇತಿ ಇಲ್ಲ, ಸರಿಯಾಗಿ ಹೇಳಿಕೊಡುವವರೂ ಇಲ್ಲ. ಸಮೋಆದ ಅಪಿಯ ಬಂದರಿನಲ್ಲಿ ಕುಡಿತ, ಜಗಳ, ಅವಿಧೇಯತೆ, ಎಲ್ಲವೂ ಆಯಿತು. ಜರ್ಮನಿಯ ‘ಆಡ್ಲರ್’ ಯುದ್ಧನೌಕೆ ಬೆನ್ನು ಬಿಡದೆ ಕಾಯುತ್ತಿತ್ತು. ಇತ್ತ ಜುಲೈನಲ್ಲಿ ಹೊನೊಲುಲುವಿನಲ್ಲಿ ಬಂದೂಕು ಹಿಡಿದ ಬಿಳಿಯರ ಗುಂಪು ರಾಜನ ಕೈಯಿಂದ ಹೊಸ ಸಂವಿಧಾನಕ್ಕೆ ಸಹಿ ಹಾಕಿಸಿಕೊಂಡು ಅವನ ಅಧಿಕಾರ ಕಿತ್ತುಕೊಂಡಿತು. ಅದಕ್ಕೆ ‘ಬಯೊನೆಟ್ ಸಂವಿಧಾನ’ (ಬಯೊನೆಟ್ ಅಂದರೆ ಬಂದೂಕಿನ ತುದಿಯ ಚೂರಿ) ಅಂತಲೇ ಹೆಸರು ಉಳಿದಿದೆ. ಹಡಗನ್ನು ವಾಪಸ್ ಕರೆಸಿದರು, ಆಮೇಲೆ ಮಾರಿಬಿಟ್ಟರು. ಆ ಹುಡುಗರನ್ನು ನೆನೆದಾಗೆಲ್ಲ ನನಗೆ ಸಂಕಟವಾಗುತ್ತೆ. ತಪ್ಪೆಲ್ಲ ಅವರ ತಲೆಗೇ ಕಟ್ಟಿ ಇಡೀ ಯಾತ್ರೆಯನ್ನು ನಗೆಪಾಟಲು ಮಾಡಿ ಬರೆದವರು ಬಹಳ ಜನ.

ನಿಮ್ಮ ಪಾತ್ರಕ್ಕೆ ನಿಜವಾದ ಜೀವ ಬರೋದು ಇಲ್ಲಿಂದ. ಇದೇ ಕಲಾಕೌವ 1880ರಲ್ಲಿ ಹವಾಯಿಯ ತರುಣರನ್ನು ಸರ್ಕಾರದ ಖರ್ಚಿನಲ್ಲಿ ಹೊರದೇಶಗಳಿಗೆ ಓದಲು ಕಳಿಸೋಕೆ ಶುರುಮಾಡಿದ್ದ. ಮೊದಲ ತಂಡದ ಮೂವರು ಇಟಲಿಗೆ ಹೋದರು. ರಾಬರ್ಟ್ ವಿಲ್ಕಾಕ್ಸ್ ಟ್ಯೂರಿನ್ನಿನ ಸೈನಿಕ ಅಕಾಡೆಮಿಗೆ. ಜೇಮ್ಸ್ ಬೂತ್ ನೇಪಲ್ಸ್‌ಗೆ. ಆ ಹುಡುಗ ಅಲ್ಲೇ ಕಾಲರಾದಿಂದ ತೀರಿಕೊಂಡ. ಮೂರನೆಯವನು ರಾಬರ್ಟ್ ಬಾಯ್ಡ್. ಅವನು ಓದಿದ್ದು ಲಿವೊರ್ನೊದ ನೌಕಾ ಅಕಾಡೆಮಿಯಲ್ಲಿ. ಅಂದರೆ ನೀವು ಕಲ್ಪಿಸಿಕೊಂಡ ಹವಾಯಿಯ ನೌಕಾಧಿಕಾರಿ ನಿಜವಾಗಿಯೂ ತಯಾರಾಗುತ್ತಿದ್ದ, ಇಟಾಲಿಯನ್ ಮಾತಾಡುತ್ತ, ಮೆಡಿಟರೇನಿಯನ್ ಸಮುದ್ರದ ದಡದಲ್ಲಿ. ಬಯೊನೆಟ್ ಸಂವಿಧಾನದ ಹೊಸ ಸರ್ಕಾರ ಖರ್ಚು ನಿಲ್ಲಿಸಿ ಇವರನ್ನು ವಾಪಸ್ ಕರೆಸಿಕೊಂಡಿತು. ಹಡಗು ಸಮೋಆಕ್ಕೆ ಹೋದಾಗ ಬಾಯ್ಡ್ ಅದರ ಮೇಲಿರಲಿಲ್ಲ. ಬಾಯ್ಡ್ ಮನೆಗೆ ಬಂದಾಗ ಅವನಿಗೆ ಕೊಡೋಕೆ ಹಡಗಿರಲಿಲ್ಲ.

ಹಾಗಾಗಿ ನಿಮ್ಮ ಗೇಮ್ ಮಾಸ್ಟರ್‌ಗೆ ಹೇಳಿ: ಇತಿಹಾಸದಲ್ಲಿ ಒಂದೇ ಒಂದು ವರ್ಷ ಆಚೀಚೆ ಮಾಡೋಣ. ಲಿವೊರ್ನೊದಲ್ಲಿ ಕಲಿತ ಅಧಿಕಾರಿ 1886ರಲ್ಲೇ ಊರಿಗೆ ಬರಲಿ, ಕಾಇಮಿಲೊಆ ಅವನ ಕೈಗೆ ಸಿಗಲಿ. ಹಾರುವ ಹಡಗು, ಮಂಗಳನ ಯಾತ್ರೆ, ಏನು ಬೇಕಾದರೂ ಆಮೇಲೆ ಸೇರಿಸಿಕೊಳ್ಳಿ. ನಿಮ್ಮ ಕಥೆ 1889ರಲ್ಲಿ ನಡೆಯುತ್ತೆ ಅಂದಿರಿ. ಆ ವರ್ಷ ಜುಲೈ 30ರಂದು ವಿಲ್ಕಾಕ್ಸ್ ತನ್ನ ಇಟಲಿಯ ಸಮವಸ್ತ್ರ ತೊಟ್ಟು, ಎಂಬತ್ತರಷ್ಟು ಜನರನ್ನು ಕಟ್ಟಿಕೊಂಡು ರಾಜನ ಅಧಿಕಾರ ಮರಳಿ ತರಲು ಇಯೊಲಾನಿ ಅರಮನೆಯ ಆವರಣಕ್ಕೆ ನುಗ್ಗಿದ. ಬಾಯ್ಡ್ ಕೂಡ ಜೊತೆಗಿದ್ದ. ಒಂದೇ ದಿನದಲ್ಲಿ ಸೋತರು. ಆ ಬೆಳಿಗ್ಗೆ ಬಂದರಿನಲ್ಲಿ ಅವರ ಕಡೆಯ ಒಂದು ಹಡಗು ನಿಂತಿದ್ದರೆ? ನಿಮ್ಮ ಆಟದ ಮೊದಲ ಸೆಷನ್ ಅಲ್ಲೇ ಇಡಿ.

ಇನ್ನು ಹೆಸರು. ‘ಕಹುನಾ’ ಹೆಸರಲ್ಲ, ಪುರೋಹಿತ, ವೈದ್ಯ, ಯಾವುದಾದರೂ ವಿದ್ಯೆಯಲ್ಲಿ ಪಳಗಿದವನು ಅಂತ ಅರ್ಥ. ‘ಕ್ಯಾಪ್ಟನ್ ಪುರೋಹಿತ’ ಅಂದ ಹಾಗಾಗುತ್ತೆ. 1860ರಲ್ಲಿ ಹವಾಯಿಯಲ್ಲಿ ಒಂದು ಕಾನೂನು ಬಂತು: ಮಗುವಿಗೆ ಕ್ರೈಸ್ತ ಹೆಸರೊಂದು ಇಡಬೇಕು, ತಂದೆಯ ಹೆಸರು ಮನೆತನದ ಹೆಸರಾಗಬೇಕು. ಅದಕ್ಕೇ ಆ ಕಾಲದವರ ಹೆಸರಲ್ಲಿ ಮುಂದೊಂದು ಬೈಬಲ್ ಹೆಸರು, ಹಿಂದೊಂದು ಹವಾಯಿ ಹೆಸರು. ರಾಜನೇ ಡೇವಿಡ್ ಕಲಾಕೌವ. ಆ ಭಾಷೆಗೆ ಎಂಟೇ ವ್ಯಂಜನ, ಐದು ಸ್ವರ. ಒತ್ತಕ್ಷರ ಇಲ್ಲ, ಪ್ರತಿ ಪದವೂ ಸ್ವರದಲ್ಲೇ ಮುಗಿಯಬೇಕು. ನಮಗೆ ಇದು ಅರ್ಥವಾಗೋಕೆ ಕಷ್ಟವಿಲ್ಲ, ಬಸ್ಸಿಗೆ ‘ಉ’ ಸೇರಿಸಿ ಬಸ್ಸು, ಕಾರಿಗೆ ಸೇರಿಸಿ ಕಾರು ಮಾಡಿಕೊಂಡವರು ನಾವು. ಅವರು ಇನ್ನೂ ಮುಂದೆ ಹೋಗಿ ಕ್ರಿಸ್‌ಮಸ್ಸನ್ನು ‘ಕಲಿಕಿಮಕ’ ಮಾಡಿದರು. ಡೇವಿಡ್ ‘ಕಾವಿಕ’ ಆದ, ಸ್ಯಾಮ್ಯುಯೆಲ್ ‘ಕಮುಏಲ’ ಆದ. ‘ಮಕಾನಿ’ ಅಂದರೆ ಗಾಳಿ. ‘ಕಮುಏಲ ಮಕಾನಿ’ ಅಂತ ಬಾಯ್ತುಂಬ ಹೇಳಿ ನೋಡಿ. ಕ್ಯಾಪ್ಟನ್‌ಗೆ ಅವರ ಮಾತು ‘ಕಾಪೆನ’.

ಗರಿಯ ಮೇಲುವಸ್ತ್ರ ‘ಅಲಿಇ’ ಅನ್ನೋ ಒಡೆಯರ ಮನೆತನದವರದು, ಕೆಲಸದ ಬಟ್ಟೆಯಲ್ಲ. ನಿಮ್ಮ ಅಧಿಕಾರಿ ಹಿತ್ತಾಳೆ ಗುಂಡಿಯ ಕೋಟು ತೊಟ್ಟವನು, ಹವಾಯಿ ಭಾಷೆಯ ಪತ್ರಿಕೆ ಓದುವವನು. ಅವನ ಹಡಗಿನ ಬಾವುಟದ ಮೂಲೆಯಲ್ಲಿ ಬ್ರಿಟನ್ನಿನ ಬಾವುಟದ ಗುರುತು, ಪಕ್ಕದಲ್ಲಿ ಎಂಟು ಪಟ್ಟೆ. ಬ್ರಿಟಿಷ್ ಪಾತ್ರಧಾರಿಗಳು ಅದನ್ನು ನೋಡಿ ‘ನಮ್ಮವನೇ’ ಅಂದುಕೊಂಡು ಮಾತಾಡಿಸಿದಾಗ ಅವನ ಮುಖ ಹೇಗಾಗುತ್ತೆ ಅಂತ ಯೋಚಿಸಿ ಆಡಿ.

ಪ್ರಶ್ನೆ: ಮೇಡಂ, ನಾನೇ ಆ ಗೇಮ್ ಮಾಸ್ಟರ್. ಇವನು ಪತ್ರ ಬರೆದ ಅಂತ ಗೊತ್ತಾಗಿ ನಾನೂ ಬರೀತಿದ್ದೀನಿ. ‘ಹವಾಯಿಯವನು, ದಿಕ್ಸೂಚಿ ಇಲ್ಲದೆ ನಕ್ಷತ್ರ ನೋಡಿ ಹಡಗು ನಡೆಸ್ತೀನಿ, ಎರಡು ದಾಳ ಹೆಚ್ಚಿಗೆ ಕೊಡು’ ಅಂತ ಕೇಳ್ತಾನೆ. ದಾಳ ಹೆಚ್ಚಿದ್ದಷ್ಟೂ ಗೆಲ್ಲೋದು ಸುಲಭ. ಕೊಡಬಹುದಾ?
– ಓದುಗ, ದಾವಣಗೆರೆ

ಉತ್ತರ: ಪುಕ್ಕಟೆ ಕೊಡಬೇಡಿ. ಆ ವಿದ್ಯೆ ನಿಜ, ದೊಡ್ಡದು. ಆದರೆ ಹುಟ್ಟಿನಿಂದ ಬರುವಂಥದ್ದಲ್ಲ. 1976ರಲ್ಲಿ ‘ಹೋಕೂಲೆಅ’ ಅನ್ನೋ ಜೋಡಿದೋಣಿ ಯಾವ ಉಪಕರಣವೂ ಇಲ್ಲದೆ ಹವಾಯಿಯಿಂದ ಟಹಿಟಿಗೆ ಹೋಯಿತಲ್ಲ, ಆಗ ದಾರಿ ತೋರಿಸೋಕೆ ಮೈಕ್ರೊನೇಷಿಯಾದ ಸತವಲ್ ದ್ವೀಪದಿಂದ ಮೌ ಪಿಯೈಲುಗ್ ಅವರನ್ನು ಕರೆಸಬೇಕಾಯಿತು. ಹವಾಯಿಯಲ್ಲಿ ಆ ವಿದ್ಯೆ ಬಲ್ಲವರು ಉಳಿದಿರಲಿಲ್ಲ. ಲಿವೊರ್ನೊದಲ್ಲಿ ಸೆಕ್ಸ್‌ಟಂಟ್ (ಸೂರ್ಯ, ನಕ್ಷತ್ರಗಳ ಎತ್ತರ ಅಳೆಯುವ ಉಪಕರಣ) ಹಿಡಿದು ಕಲಿತ ಮಕಾನಿಗೆ ತನ್ನ ಅಜ್ಜಂದಿರ ದಾರಿ ಗೊತ್ತಿಲ್ಲ ಅನ್ನೋದೇ ಕಥೆಯಾಗಲಿ. ಬಲ್ಲ ಹಿರಿಯರೊಬ್ಬರನ್ನು ಅವನು ಹುಡುಕಿಕೊಂಡು ಹೋಗಲಿ, ಕಲಿತ ಮೇಲೆ ದಾಳ ಕೊಡಿ.

ಹೋಕೂಲೆಅ ಅಂದರೆ ಯಾವ ನಕ್ಷತ್ರ ಗೊತ್ತಾ? ನಮ್ಮ ಸ್ವಾತಿ. ಹವಾಯಿಯ ದೊಡ್ಡ ದ್ವೀಪದಲ್ಲಿ ಅದು ನೆತ್ತಿಯ ಮೇಲೆ ಹಾದುಹೋಗುತ್ತೆ. ದಕ್ಷಿಣದಿಂದ ಬರುವ ದೋಣಿಯವನಿಗೆ ಸ್ವಾತಿ ನೆತ್ತಿಗೆ ಬಂತು ಅಂದರೆ ಊರಿನ ಅಕ್ಷಾಂಶ ಸಿಕ್ಕಿತು. ಇನ್ನು ಪೂರ್ವಕ್ಕೋ ಪಶ್ಚಿಮಕ್ಕೋ ತಿರುಗಿದರೆ ಮನೆ. ಮೇ ತಿಂಗಳ ಕೊನೆಯಲ್ಲಿ ರಾತ್ರಿ ಹತ್ತರ ಹೊತ್ತಿಗೆ ಎಲ್ಲರೂ ಮಾಳಿಗೆ ಹತ್ತಿ. ಬೀದರಿನವರಿಗೆ ಸ್ವಾತಿ ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುತ್ತೆ, ನಿಮಗೆ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೆ. ಆ ಸ್ವಲ್ಪವನ್ನು ಕಣ್ಣಳತೆಯಲ್ಲಿ ಹಿಡಿಯೋದೇ ಆ ವಿದ್ಯೆ. ಐದು ನಿಮಿಷ ಕತ್ತೆತ್ತಿ ನಿಂತ ಮೇಲೆ ಹುಡುಗರು ದಾಳ ಕೇಳೋ ಧಾಟಿಯೇ ಬದಲಾಗುತ್ತೆ, ನಮ್ಮಲ್ಲಿ ಹಾಗೇ ಆಯಿತು.

ಪ್ರಶ್ನೆ: ರಾಜ್ಯ ಕಳೆದುಕೊಂಡವರ ಚರಿತ್ರೆಯನ್ನು ಹೀಗೆ ಆಟ ಮಾಡಿಕೊಳ್ಳೋದು ಸರಿಯೇ?
– ಓದುಗರು, ಧಾರವಾಡ

ಉತ್ತರ: ಕೇಳಲೇಬೇಕಾದ ಪ್ರಶ್ನೆ. ಕಳೆದುಕೊಂಡದ್ದು ಏನು ಅಂತ ತಿಳಿದು ಆಡಿದರೆ ಸರಿ ಅಂತ ನನ್ನ ನಂಬಿಕೆ. 1893ರ ಜನವರಿಯಲ್ಲಿ ಅಮೆರಿಕದ ‘ಬೋಸ್ಟನ್’ ಯುದ್ಧನೌಕೆಯ ಸೈನಿಕರು ದಡಕ್ಕಿಳಿದು ನಿಂತಿರುವಾಗ ಕಲಾಕೌವನ ನಂತರ ಪಟ್ಟಕ್ಕೆ ಬಂದಿದ್ದ ಅವನ ತಂಗಿ ರಾಣಿ ಲಿಲಿಉಒಕಲಾನಿಯನ್ನು ಸಿಂಹಾಸನದಿಂದ ಇಳಿಸಿದರು. 1897ರಲ್ಲಿ ಅಮೆರಿಕದ ಜೊತೆ ಸೇರಿಸಬೇಡಿ ಅಂತ 21,000ಕ್ಕೂ ಹೆಚ್ಚು ಜನ ಸಹಿ ಹಾಕಿದ ಮನವಿ ವಾಷಿಂಗ್ಟನ್‌ಗೆ ಹೋಯಿತು. ಆ ಹೊತ್ತಿಗೆ ಮೂಲನಿವಾಸಿಗಳ ಸಂಖ್ಯೆಯೇ ಸುಮಾರು ನಲವತ್ತು ಸಾವಿರ. ಮರುವರ್ಷ ಸೇರಿಸಿಯೇಬಿಟ್ಟರು. ನಮ್ಮ ಆಟ ಶುರುವಾಗುವ ಮುಂಚೆ ಆ ಮನವಿಯ ಒಂದು ಹಾಳೆಯ ಪ್ರತಿಯನ್ನು ಮೇಜಿನ ಮೇಲಿಟ್ಟಿದ್ದೆ. ಸಾಲುಸಾಲು ಹೆಸರು, ಪಕ್ಕದಲ್ಲಿ ವಯಸ್ಸು. ನನ್ನ ತಂಗಿಯ ಮಗಳು ಬೆರಳಿಟ್ಟು ಒಂದೊಂದೇ ಹೆಸರು ಕೂಡಿಸಿ ಓದಿದಳು. ಆಮೇಲೆ ತನ್ನ ಪಾತ್ರಕ್ಕೆ ಬರೆದಿದ್ದ ತಮಾಷೆ ಹೆಸರನ್ನು ತಾನೇ ಅಳಿಸಿದಳು. ನಾನು ಹೇಳಿರಲಿಲ್ಲ.

ಪ್ರಶ್ನೆ: ಆಟದ ದಿನ ಮೇಜಿನ ಮೇಲೆ ಹವಾಯಿಯ ತಿಂಡಿ ಏನಾದರೂ ಇಡಬಹುದಾ?
– ಮತ್ತೆ ಅದೇ ದಾವಣಗೆರೆಯ ಓದುಗ

ಉತ್ತರ: ಸಂತೆಯಲ್ಲಿ ಕೆಸುವಿನ ಗೆಡ್ಡೆ ಸಿಗುತ್ತಲ್ಲ, ಅದೇ ಸಾಕು. ಅವರು ‘ಕಲೊ’ ಅಂತಾರೆ. ಮೊದಲು ಹುಟ್ಟಿದ ಕೂಸು ಉಳಿಯದೆ ಮಣ್ಣಿಗೆ ಹೋಗಿ ಕೆಸುವಾಯಿತು, ಎರಡನೆಯ ಮಗನಿಂದ ಜನ ಹುಟ್ಟಿದರು, ಹಾಗಾಗಿ ಕೆಸು ನಮಗೆ ಅಣ್ಣ ಅನ್ನೋದು ಅವರ ಕಥೆ. ಗೆಡ್ಡೆ ಚೆನ್ನಾಗಿ ಬೇಯಬೇಕು, ಅರೆಬೆಂದರೆ ಗಂಟಲು ಕೆರೆಯುತ್ತೆ. ಸಿಪ್ಪೆ ತೆಗೆದು ಒರಳಿನಲ್ಲಿ ಗಟ್ಟಿಯಾಗಿ ಕುಟ್ಟಿ, ನೀರು ಸೋಕಿಸಬೇಡಿ. ಆ ಗಟ್ಟಿ ಮುದ್ದೆ ‘ಪಇಆಇ’. ಎಲೆಯಲ್ಲಿ ಸುತ್ತಿ ದೂರದ ಪ್ರಯಾಣಕ್ಕೆ ಒಯ್ಯುತ್ತಿದ್ದದ್ದು ಅದೇ. ಬೇಕಾದಾಗ ನೀರು ಬೆರೆಸಿ ಕಲಸಿದರೆ ‘ಪೊಇ’. ಎರಡು ದಿನ ಬಿಟ್ಟರೆ ಹುಳಿ ಬರುತ್ತೆ, ಹುಳಿ ಬಂದದ್ದೇ ರುಚಿ ಅನ್ನುವವರು ಅಲ್ಲಿ ಬಹಳ. ಬಾಳೆಲೆಯಲ್ಲಿ ಸುತ್ತಿಡಿ, ಮಕಾನಿ ಹಡಗು ಹತ್ತುವಾಗ ಬಿಚ್ಚಿ.