ಪ್ರತಿ: ಸ್ವೀಡನ್‌ಗೆ ಆನೆ ಬೊಂಬೆ, ಅಲ್ಲಿಂದ ಕೆಂಪು ಕುದುರೆ

ಮಗಳ ಚನ್ನಪಟ್ಟಣದ ಆನೆ ಬೊಂಬೆಯನ್ನು ಸ್ವೀಡನ್‌ನಲ್ಲಿ ಎಲ್ಲಿ ನಿಲ್ಲಿಸಿ ಫೋಟೋ ತೆಗೆಯಲಿ, ಆ ಕೆಂಪು ಮರದ ಕುದುರೆ ಎಲ್ಲಿ ಕೊಳ್ಳಲಿ ಎಂದು ಕೇಳಿದ್ದೀರಿ. ಎರಡಕ್ಕೂ ಒಂದೇ ಊರು ಸಾಕು. ಮೂರಾ ಪಟ್ಟಣದ ಹತ್ತಿರದ ನೂಸ್ನೆಸ್. ಸ್ಟಾಕ್‌ಹೋಮ್‌ನಿಂದ ಮೂರಾಗೆ ರೈಲಿದೆ, ಸುಮಾರು 4 ಗಂಟೆ.

ನೀವು ಕೇಳಿದ ಕೆಂಪು ಕುದುರೆಯ ಹೆಸರು ದಾಲಾ ಕುದುರೆ. ಪೈನ್ ಮರದ್ದು. ಸ್ಟಾಕ್‌ಹೋಮ್ ಅಂಗಡಿಗಳಲ್ಲೂ ಸಿಗುತ್ತದೆ, ಆದರೆ ನೂಸ್ನೆಸ್‌ನಲ್ಲಿ ಮಾಡುವುದನ್ನೇ ನೋಡಬಹುದು. ಅಲ್ಲಿ ಗ್ರನ್ನಾಸ್ ಎಂಬ ಕಾರ್ಖಾನೆ 1922ರಿಂದ ಇದೆ. ಮೊದಲು ಯಂತ್ರದಲ್ಲಿ ಆಕಾರ ಕೊಯ್ದು, ಆಮೇಲೆ ಕೈಯಲ್ಲಿ ಚಾಕು ಹಿಡಿದು ತಿದ್ದುತ್ತಾರೆ. ನಾನು ಜಾಸ್ತಿ ಹೊತ್ತು ನಿಂತಿದ್ದು ಬಣ್ಣದ ಮೇಜಿನ ಹತ್ತಿರ. ಒಂದೇ ಕುಂಚಕ್ಕೆ ಎರಡು ಬಣ್ಣ ಹಚ್ಚಿಕೊಂಡು ಒಂದೇ ಎಳೆತಕ್ಕೆ ಎಲೆ ಮೂಡಿಸುತ್ತಾರೆ, ಅಂಚು ಬಿಳಿ, ಒಳಗೆ ಹಸಿರು. ನಮ್ಮ ಅರಗಿನ ಬಣ್ಣದ ಬೊಂಬೆಯನ್ನು ಪಕ್ಕದಲ್ಲಿಟ್ಟರೆ ದೂರದ ನೆಂಟರ ಹಾಗೆ ಕಾಣುತ್ತದೆ. ಅಲ್ಲಿ ಫೋಟೋ ಮಾತ್ರ ಮೊದಲು ಅವರನ್ನು ಕೇಳಿ ತೆಗೆಯಿರಿ.

ಫೋಟೋಗೆ ಮೊಬೈಲನ್ನು ಆನೆಯ ಕಣ್ಣಿನ ಮಟ್ಟಕ್ಕೆ ಇಳಿಸಿ. ಮೇಲಿಂದ ತೆಗೆದರೆ ಸುಮ್ನೆ ಬೊಂಬೆ. ಅವೆಸ್ಟಾ ಎಂಬ ಪಟ್ಟಣದಲ್ಲಿ 13 ಮೀಟರ್ ಎತ್ತರದ ಕಾಂಕ್ರೀಟ್ ಕುದುರೆ ಇದೆ. ಆನೆಯನ್ನು ಕ್ಯಾಮೆರಾ ಹತ್ತಿರ ಹಿಡಿದರೆ ಎರಡೂ ಸಮ! ಮೂರಾ ಪಕ್ಕದ ಸಿಲ್ಯಾನ್ ಕೆರೆ ದಂಡೆಯಲ್ಲಿ ಮಾತ್ರ ಗಟ್ಟಿಯಾಗಿ ಹಿಡಿದುಕೊಳ್ಳಿ. ನನ್ನದು ಗಾಳಿಗೆ ನೀರಿಗೆ ಬಿದ್ದಿತ್ತು.