ಆನ್ ಸೈಜ್ ಎರರ್ ಇದ್ದರೂ ಎಸ್0ಸಿ7 ಬರುವುದೇಕೆ?

ಮೇನ್‌ಫ್ರೇಮಿನಲ್ಲಿ ಕೋಬಾಲ್ ಭಾಷೆಯ ಬ್ಯಾಚ್ ಜಾಬ್ (ರೆಕಾರ್ಡುಗಳನ್ನು ಒಟ್ಟಾಗಿ ಸಂಸ್ಕರಿಸುವ ಕೆಲಸ) ಎಸ್0ಸಿ7 ಎಂಬ ದೋಷ ಸಂಕೇತ ಕೊಟ್ಟು ಅರ್ಧದಲ್ಲೇ ನಿಂತಿತು, ಲೆಕ್ಕದ ತಪ್ಪು ಹಿಡಿಯಲು ಕೋಡಿನಲ್ಲಿ ಹಾಕಿದ್ದ ಆನ್ ಸೈಜ್ ಎರರ್ ಯಾಕೆ ತಡೆಯಲಿಲ್ಲ ಎಂದು ಕೇಳಿದ್ದೀರಿ. ಅದು ಕೆಲಸ ಮಾಡುವುದು ಲೆಕ್ಕದ ಉತ್ತರ ಫೀಲ್ಡಿಗೆ ಹಿಡಿಸದಿದ್ದಾಗ, ಇಲ್ಲವೇ ಸೊನ್ನೆಯಿಂದ ಭಾಗಿಸಿದಾಗ. ಎಸ್0ಸಿ7 ಬರುವುದು ಡೇಟಾವೇ ಕೆಟ್ಟಿದ್ದರೆ. ಸಾಮಾನ್ಯವಾಗಿ ಕಾಂಪ್-3 (ಅಂಕಿಗಳನ್ನು ಒತ್ತೊತ್ತಾಗಿ ಇಡುವ ರೂಪ) ಫೀಲ್ಡಿನಲ್ಲಿ ಅಂಕಿಯ ಬದಲು ಸ್ಪೇಸ್ ಕೂತಿರುತ್ತದೆ, ಅಥವಾ ವರ್ಕಿಂಗ್ ಸ್ಟೋರೇಜಿನ (ಪ್ರೋಗ್ರಾಮ್ ತನ್ನ ವೇರಿಯಬಲ್‌ಗಳನ್ನು ಇಡುವ ಜಾಗ) ಮೊತ್ತಕ್ಕೆ ಆರಂಭಿಕ ಸೊನ್ನೆ ಕೊಡುವುದು ಮರೆತಿರುತ್ತದೆ.

ಇನ್‌ಪುಟ್ ಫೀಲ್ಡನ್ನು ಲೆಕ್ಕಕ್ಕೆ ಬಳಸುವ ಮುನ್ನ ಅದರಲ್ಲಿ ಅಂಕಿಯೇ ಇದೆಯೇ ಎಂದು ನೋಡುವ ‘ಇಫ್ ನ್ಯೂಮರಿಕ್’ ಪರೀಕ್ಷೆ ಹಾಕಿ. ತಪ್ಪಿರುವ ರೆಕಾರ್ಡನ್ನು ಕಾರಣ ಸಮೇತ ರಿಜೆಕ್ಟ್ ಫೈಲಿಗೆ ಬರೆದು ಮುಂದಿನದಕ್ಕೆ ಹೋಗಿ. ದಯವಿಟ್ಟು ಸೊನ್ನೆ ತುಂಬಿ ಮುಚ್ಚಿಹಾಕಬೇಡಿ: ಜಾಬ್ ಓಡುತ್ತದೆ, ಆದರೆ ಯಾರದೋ ಖಾತೆಯ ಮೊತ್ತ ಸದ್ದಿಲ್ಲದೆ ತಪ್ಪಾಗುತ್ತದೆ. ರಿಜೆಕ್ಟ್‌ಗಳು ನೀವು ಇಟ್ಟ ಮಿತಿ ದಾಟಿದರೆ ಗಂಭೀರ ದೋಷ ಸೂಚಿಸುವ ರಿಟರ್ನ್ ಕೋಡ್ 16 ಕೊಟ್ಟು ನೀವೇ ನಿಲ್ಲಿಸಿ.